ಮಣ್ಣು ಮುಚ್ಚುವ ಮುನ್ನ

ಹನೂರು ತಾಲ್ಲೂಕಿನ ಹೂಗ್ಯಂ ಕಡೆಯ ಹೊಲಗಳಲ್ಲಿ ನಡೆದರೆ ಕಾಲಿಗೆ ತೊಡರುವುದು ಎಚ್‌ಡಿಪಿಇ ಎಂಬ ಕರಿ ಪೈಪು. ಕೊಳವೆಬಾವಿಯಿಂದ ಮುಸುಕಿನ ಜೋಳಕ್ಕೆ, ಅರಿಶಿನಕ್ಕೆ, ದನದ ತೊಟ್ಟಿಗೆ, ಅಡುಗೆಮನೆಗೆ ನೀರು ಹೋಗುವುದು ಇದರಲ್ಲೇ. ಕಲ್ಲುಗುಡ್ಡದ ಸೀಮೆಗೆ ಇದಕ್ಕಿಂತ ಒಗ್ಗುವ ಪೈಪು ಇನ್ನೊಂದಿಲ್ಲ. ಬಾಗುತ್ತದೆ, ಸುರುಳಿ ಸುತ್ತಿ ಹೆಗಲ ಮೇಲೆ ಹೊರಬಹುದು, ತುಕ್ಕು ಹಿಡಿಯುವುದಿಲ್ಲ. ಕೆಡುವುದು ಹೆಚ್ಚಾಗಿ ಜಾಯಿಂಟು.

ಪಿವಿಸಿ ಪೈಪಿಗೆ ಸಲ್ಯೂಷನ್ ಹಚ್ಚಿ ಅಭ್ಯಾಸವಾದ ಕೈ ಇದಕ್ಕೂ ಅದನ್ನೇ ಹಚ್ಚಲು ಹೋಗುತ್ತದೆ. ಸಲ್ಯೂಷನ್ ಪಿವಿಸಿಯ ಮೈ ಕರಗಿಸಿ ಎರಡನ್ನು ಒಂದಾಗಿಸುತ್ತದೆ. ಎಚ್‌ಡಿಪಿಇ ಅದಕ್ಕೆ ಕರಗುವುದೇ ಇಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ. ಆಮೇಲೆ ಸೈಕಲ್ ಟ್ಯೂಬು ಸೀಳಿ ಸುತ್ತುವುದು, ಬೈಂಡಿಂಗ್ ವೈರು ಬಿಗಿಯುವುದು. ತುದಿಯನ್ನು ಬೆಂಕಿಗೆ ಹಿಡಿದು ಒಂದರೊಳಗೊಂದು ತುರುಕುವವರೂ ಇದ್ದಾರೆ. ಬೆಂಕಿ ತಾಗಿದ ಕಡೆ ಪೈಪು ತೆಳುವಾಗುತ್ತದೆ, ಮೋಟರಿನ ಒತ್ತಡಕ್ಕೆ ಅಲ್ಲೇ ಬಿರಿಯುತ್ತದೆ.

ದೊಡ್ಡ ಪೈಪುಗಳ ತುದಿಗಳನ್ನು 200 ಡಿಗ್ರಿಗೂ ಮೇಲೆ ಕಾದ ತಟ್ಟೆಗೆ ಒತ್ತಿ, ಕರಗಿಸಿ, ಯಂತ್ರದಲ್ಲಿ ಬೆಸೆಯುತ್ತಾರೆ. ಮನೆ-ಹೊಲದ ಸಣ್ಣ ಪೈಪಿಗೆ ಸಾಮಾನ್ಯವಾಗಿ ನಟ್ ಇರುವ ಕಂಪ್ರೆಷನ್ ಕಪ್ಲರ್ ಸಾಕು. ಅದರೊಳಗೆ ನೀರು ತಡೆಯುವುದು ರಬ್ಬರ್ ರಿಂಗ್, ಪೈಪನ್ನು ಕಚ್ಚಿ ಹಿಡಿಯುವುದು ಹಲ್ಲಿರುವ ಇನ್ನೊಂದು ರಿಂಗ್. ಪೈಪು ರಬ್ಬರನ್ನು ದಾಟಿ ಒಳಗಿನ ತಡೆಯವರೆಗೆ ಹೋಗಿರಬೇಕು. ನಟ್ ಎಷ್ಟು ಬಿಗಿದರೂ ಪೈಪು ಅರ್ಧದಲ್ಲೇ ನಿಂತಿದ್ದರೆ ಆ ಜಾಯಿಂಟು ನಿಲ್ಲುವುದಿಲ್ಲ.

ಅದಕ್ಕೇ ಒಳ್ಳೆಯ ಪ್ಲಂಬರ್ ಮೊದಲು ಪೈಪಿನ ತುದಿ ನೋಡುತ್ತಾನೆ. ಓರೆಯಾಗಿ ಕುಯ್ದಿದ್ದರೆ ಮತ್ತೆ ನೇರವಾಗಿ ಕುಯ್ಯುತ್ತಾನೆ. ಹ್ಯಾಕ್ಸಾ ಬಿಟ್ಟ ಚೂರುಗಳನ್ನು ಒರೆಸಿ, ಹೊರ ಅಂಚನ್ನು ಸುತ್ತಲೂ ಸ್ವಲ್ಪ ಹೆರೆಯುತ್ತಾನೆ. ಚೂಪಾದ ಅಂಚು ಒಳಗೆ ಹೋಗುವಾಗಲೇ ರಬ್ಬರನ್ನು ಕುಯ್ದುಬಿಡುತ್ತದೆ. ಎಷ್ಟು ಒಳಗೆ ಹೋಗಬೇಕೆಂದು ಅಳೆದು ಪೈಪಿನ ಮೇಲೆ ಗೀಟು ಹಾಕುತ್ತಾನೆ. ಸೋಪಿನ ನೀರು ಸವರಿ, ತಿರುವುತ್ತ ಒತ್ತುತ್ತಾನೆ. ಗೀಟು ನಟ್‌ನ ಬಾಯಿಗೆ ಬಂದ ಮೇಲೆಯೇ ಬಿಗಿಯುವುದು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಈ ಐದು ನಿಮಿಷ ಉಳಿಸಲು ಹೋಗಿಯೇ ಎಷ್ಟೋ ಪೈಪುಗಳು ಸೋರುತ್ತಿವೆ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೂರು ಮೀಟರ್ ಉದ್ದದ ಎಚ್‌ಡಿಪಿಇ ಪೈಪು 20 ಡಿಗ್ರಿ ತಣ್ಣಗಾದರೆ ಸುಮಾರು 30ರಿಂದ 40 ಸೆಂಟಿಮೀಟರ್ ಕುಗ್ಗುತ್ತದೆ. ನಡುಮಧ್ಯಾಹ್ನ ಕಾದ ಪೈಪನ್ನು ಎಳೆದು ಬಿಗಿಯಾಗಿ ಹಾಸಿದರೆ ರಾತ್ರಿ ಅದು ಕುಗ್ಗುತ್ತ ಜಾಯಿಂಟನ್ನು ಜಗ್ಗುತ್ತದೆ. ಬೆಳಿಗ್ಗೆ ಪೈಪು ಕಳಚಿಬಿದ್ದಿದ್ದರೆ ಕಾಡುಹಂದಿಯನ್ನೋ ಆನೆಯನ್ನೋ ದೂರುವ ಮುನ್ನ ಇದನ್ನೊಮ್ಮೆ ನೆನೆಯಬೇಕು. ಅಲ್ಲಲ್ಲಿ ಸಡಿಲ ಬಿಟ್ಟು, ಸ್ವಲ್ಪ ಡೊಂಕಾಗಿ ಹಾಸುವುದೇ ಸರಿ.

ಈಗ ಈ ಜಾಯಿಂಟು ಹೊಲದ್ದಷ್ಟೇ ಅಲ್ಲ, ಊರ ಬೀದಿಯದ್ದೂ ಹೌದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಕೊಡುವ ಮಾತು ಕೊಟ್ಟಿದೆ. ನಿಮಿಷಕ್ಕೆ 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಸೋರುವ ಜಾಯಿಂಟು ದಿನವಿಡೀ ಸೋರಿದರೆ 288 ಲೀಟರ್. ಐದು ಜನರ ಒಂದು ಸಂಸಾರದ ಪಾಲಿನ ನೀರು ಒಂದು ಕಪ್ಲರಿನಲ್ಲಿ ಮಣ್ಣುಪಾಲು.

ನೀರು ಹೋಗುವುದು ಒಂದು ಕೇಡಾದರೆ, ಕೊಳೆ ಒಳಗೆ ಬರುವುದು ಇನ್ನೂ ದೊಡ್ಡ ಕೇಡು. ನಮ್ಮ ಹಳ್ಳಿಗಳಲ್ಲಿ ನೀರು ಬಿಡುವುದು ಕೆಲವೇ ಗಂಟೆ. ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಸೋರುವ ಸಂದಿಯಿಂದಲೇ ಹೊರಗಿನ ನೀರನ್ನು ಒಳಗೆಳೆದುಕೊಳ್ಳಬಹುದು. ಪಕ್ಕದಲ್ಲಿ ಚರಂಡಿ ಇದ್ದರೆ ಮರುದಿನ ಮಕ್ಕಳ ಬಿಂದಿಗೆಗೆ ಬರುವುದು ಆ ನೀರೇ. ನೆಲದಡಿಯ ಜಾಯಿಂಟನ್ನು ನಾನು ಆರೋಗ್ಯದ ವಿಷಯವೆಂದೇ ಎಣಿಸುತ್ತೇನೆ.

ನಿಮ್ಮ ಬೀದಿಯಲ್ಲಿ ಪೈಪು ಹಾಕುವ ದಿನ ಅಲ್ಲೇ ನಿಂತು ನೋಡಿ. ಗುಂಡಿ ಮುಚ್ಚಲು ಗುದ್ದಲಿ ಎತ್ತಿದರೆ ಮೊದಲು ನೀರು ಬಿಡಿಸಿ ಎನ್ನಿ. ಒಂದೊಂದು ಜಾಯಿಂಟನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಕೈ ಒದ್ದೆಯಾದರೆ ಮುಚ್ಚಲು ಬಿಡಬೇಡಿ. ನೀರುಗಂಟಿಯ ಕೈಯಲ್ಲಿ ನಾಲ್ಕು ಕಪ್ಲರ್, ನಾಲ್ಕು ರಬ್ಬರ್ ರಿಂಗ್ ಸದಾ ಇರುವಂತೆ ಗ್ರಾಮಸಭೆಯಲ್ಲಿ ಕೇಳಿ ಪಡೆಯಿರಿ.