ಅಂದರ್-ಬಾಹರ್: ಸುಲಭ ಸಂಪಾದನೆಯ ಬಲೆ



ಜೂಜಿಗೆ ಪವಿತ್ರ ಕುರ್‌ಆನ್ ಬಳಸಿರುವ ಪದ 'ಮೈಸಿರ್'. ಸುಲಭ ಎಂಬ ಅರ್ಥದ ಮೂಲದಿಂದ ಅದು ಬಂದಿದೆಯೆಂದು ವಿದ್ವಾಂಸರು ವಿವರಿಸಿದ್ದಾರೆ. ಬೆವರು ಸುರಿಸದೆ, ಪ್ರತಿಯಾಗಿ ಏನನ್ನೂ ಕೊಡದೆ ಇನ್ನೊಬ್ಬನ ಹಣವನ್ನು ಕಿಸೆಗೆ ಇಳಿಸುವುದೇ ಮೈಸಿರ್. ನಮ್ಮ ಕಡೆ ಅದರ ಚಿರಪರಿಚಿತ ರೂಪ ಅಂದರ್-ಬಾಹರ್.

ಆಟ ಬಹಳ ಸರಳ. 52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆಯನ್ನು ತೆರೆದಿಡುತ್ತಾರೆ. ಬಳಿಕ ಅಂದರ್ ಕಡೆಗೊಂದು, ಬಾಹರ್ ಕಡೆಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ತೆರೆದದ್ದು ರಾಜನಾದರೆ, ಉಳಿದ ಮೂರು ರಾಜರಲ್ಲಿ ಮೊದಲನೆಯದು ಬಿದ್ದ ಕಡೆಗೆ ಹಣ ಹಾಕಿದವನು ಗೆದ್ದ. ಇಲ್ಲಿ ಜಾಣ್ಮೆಗೆ ಕೆಲಸವೇ ಇಲ್ಲ.

"ಅರ್ಧಕ್ಕರ್ಧ ಅವಕಾಶವಿದೆಯಲ್ಲ?" ಎಂದು ಕೆಲವು ಯುವಕರು ಕೇಳುವುದುಂಟು. ಲೆಕ್ಕ ಹಾಗಿಲ್ಲ. ಮೊದಲ ಎಲೆ ಪಡೆಯುವ ಕಡೆಗೆ ನೂರರಲ್ಲಿ ಸುಮಾರು 51.5, ಇನ್ನೊಂದು ಕಡೆಗೆ 48.5 ಅವಕಾಶ. ಇದನ್ನು ಬಲ್ಲ ಕ್ಯಾಸಿನೊದವರು ಸಾಮಾನ್ಯವಾಗಿ ಮೊದಲ ಕಡೆ ಗೆದ್ದವನಿಗೆ 100ಕ್ಕೆ 90 ರೂಪಾಯಿ ಮಾತ್ರ ಕೊಡುತ್ತಾರೆ. ನೂರು ರೂಪಾಯಿಯಂತೆ ಸಾವಿರ ಬಾರಿ ಆಡಿದರೆ ಮೊದಲ ಕಡೆಯಲ್ಲಿ ಸರಾಸರಿ 2,150 ರೂಪಾಯಿ, ಇನ್ನೊಂದು ಕಡೆಯಲ್ಲಿ 3,000 ರೂಪಾಯಿ ನಷ್ಟ. ಯಾವ ಕಡೆ ಹಾಕಿದರೂ ಕೊನೆಗೆ ಉಳಿಯುವುದು ಆಡಿಸುವವನ ಲಾಭ.

ದಾಂಡೇಲಿಯ ಕಾಗದ ಕಾರ್ಖಾನೆಯ ಸಂಬಳ, ಹಳಿಯಾಳದ ಕಬ್ಬಿನ ಹಣ, ಮುಂಡಗೋಡದ ಭತ್ತದ ಹಣ, ಜೋಯಿಡಾದ ಕೂಲಿ - ಇವೆಲ್ಲ ಮೈಮುರಿದು ಗಳಿಸಿದ ಹಲಾಲ್ ಸಂಪಾದನೆ. ಅದರಲ್ಲಿ ಮಡದಿ ಮಕ್ಕಳ ಹಕ್ಕಿದೆ. ಅದನ್ನು ಎಲೆಯ ಮೇಲೆ ಇಡುವವನು ತನ್ನದಲ್ಲದ್ದನ್ನು ಪಣಕ್ಕಿಡುತ್ತಾನೆ.

1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಜೂಜಾಡುವುದು ಅಪರಾಧ. ಜೋಯಿಡಾದ ಗಡಿ ದಾಟಿ ಗೋವೆಗೆ ಹೋದರೆ ಮಾಂಡೋವಿ ನದಿಯ ಹಡಗುಗಳಲ್ಲಿ ಅದಕ್ಕೆ ಪರವಾನಗಿಯಿದೆ. ಆದರೆ ಅಲ್ಲಾಹನ ಕಾನೂನು ಘಟ್ಟ ಇಳಿದೊಡನೆ ಬದಲಾಗುವುದಿಲ್ಲ.

ಸಹೋದರರೇ, ನಷ್ಟದ ಲೆಕ್ಕ ನೋಡಿ ಜೂಜು ಬಿಟ್ಟವನು ಲಾಭದ ಆಸೆ ಕಂಡಾಗ ಮರಳಿಯಾನು. ಅವಕಾಶ ನಿಜವಾಗಿಯೂ ಸಮವಾಗಿದ್ದರೂ ಇದು ಹರಾಮ್ ಆಗಿಯೇ ಇರುತ್ತಿತ್ತು. ಏಕೆಂದರೆ ಒಬ್ಬನ ನಗು ಇಲ್ಲಿ ಇನ್ನೊಬ್ಬನ ಮನೆಯ ಕಣ್ಣೀರಿನಿಂದ ಹುಟ್ಟುತ್ತದೆ. ಮದ್ಯ ಮತ್ತು ಜೂಜಿನ ಮೂಲಕ ಶೈತಾನನು ಜನರ ನಡುವೆ ಹಗೆ, ದ್ವೇಷ ಬಿತ್ತುತ್ತಾನೆ, ಅಲ್ಲಾಹನ ಸ್ಮರಣೆ ಮತ್ತು ನಮಾಝ್‌ನಿಂದ ತಡೆಯುತ್ತಾನೆ ಎಂದು ಸೂರಃ ಅಲ್ ಮಾಇದಃದ 91ನೇ ವಚನ ಎಚ್ಚರಿಸುತ್ತದೆ. ಜೂಜಿಗೆ ಗೆಳೆಯನನ್ನು ಬರೇ ಬಾಯಲ್ಲಿ ಕರೆದವನಿಗೂ ಅದರ ಪ್ರಾಯಶ್ಚಿತ್ತವಾಗಿ ದಾನ ನೀಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕರೆಯೇ ಇಷ್ಟು ಗಂಭೀರವಾದರೆ ಆಟದ ಗತಿಯೇನು?

ಇಂದು ಆ ಕರೆ ಮೊಬೈಲ್ ಪರದೆಯಿಂದಲೂ ಬರುತ್ತಿದೆ. ಕರೆ ಬಂದಾಗ ಎದ್ದುಹೋಗೋಣ. ಸಿಕ್ಕಿಬಿದ್ದ ಸಹೋದರನನ್ನು ಹೀಯಾಳಿಸದೆ ಕೈಹಿಡಿದು ಹೊರತರೋಣ. ತೌಬಾದ ಬಾಗಿಲು ತೆರೆದಿದೆ. ಹಲಾಲ್ ಆದ ಒಂದು ತುತ್ತಿನಲ್ಲೇ ತೃಪ್ತಿ ಕಾಣುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.