ಹಾದುಹೋಗುವವನ ಹಕ್ಕು

ವಸಂತ ಎಂಬುದು ಕರಾವಳಿಯ ನಮಗೆ ಪಠ್ಯಪುಸ್ತಕದಲ್ಲಿ ಓದಿ ಗೊತ್ತಿರುವ ಋತು. ನಮಗಿರುವುದು ಮಳೆ ಮತ್ತು ಸೆಕೆ. ನಡುವೆ ಒಂದಿಷ್ಟು ಚಳಿಯ ನೆಪ. ಹಾಗಾಗಿ ಫೆಬ್ರವರಿಯ ಕೊನೆಯಲ್ಲಿ ಮಕ್ಕಳಿಗೆ ಬಯಲುಸೀಮೆಯನ್ನು ತೋರಿಸಿಕೊಂಡು ಬರೋಣವೆಂದು ಮನೆಮಂದಿಯೆಲ್ಲ ಕಾರು ಹತ್ತಿದೆವು. ಹಿಂದಿನ ಸೀಟಿನ ಕಿಟಕಿಯ ಬದಿ ಉಮ್ಮನಿಗೆ. ಸುಬ್‌ಹಿ ನಮಾಝ್ ಮುಗಿಸಿ ಸುರತ್ಕಲ್ ಬಿಟ್ಟವರು ಅಂಕೋಲೆಯವರೆಗೆ ಕಡಲಿನ ಜೊತೆಯಲ್ಲೇ ಸಾಗಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರದ ಕಾಡು ದಾಟಿ, ರಾತ್ರಿ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ತಂಗಿದೆವು. ಮರುದಿನ ಯಾವ ಅವಸರವೂ ಇಲ್ಲದೆ ನವಲಗುಂದದ ದಾರಿ ಹಿಡಿದೆವು.

ಗುಡ್ಡ, ತೋಟ, ಪಾಗಾರಗಳ ನಡುವೆ ಬೆಳೆದ ಕಣ್ಣಿಗೆ ಆ ಬಯಲು ಒಂದು ಆಶ್ಚರ್ಯ. ಕಪ್ಪು ಎರೆಮಣ್ಣು ಎರಡೂ ಕಡೆ ಆಕಾಶ ಮುಟ್ಟುವವರೆಗೆ ಹರಡಿದೆ. ಬೇಲಿಯಿಲ್ಲ, ಗೇಟಿಲ್ಲ. ಹಿಂಗಾರಿ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಬೀಜ, ಎರೆಮಣ್ಣು ತನ್ನೊಳಗೆ ಹಿಡಿದಿಟ್ಟ ತೇವವನ್ನು ಉಂಡುಕೊಂಡೇ ತೆನೆಯಾಗುತ್ತದೆ ಎಂದಾಗ ಮಕ್ಕಳು ನಂಬಲಿಲ್ಲ. ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಊರಿನ ಮಕ್ಕಳಲ್ಲವೇ!

ಒಂದು ಹೊಲದ ಬಳಿ ಕಾರು ನಿಲ್ಲಿಸಿದೆ. ನಾನು ಮೊಬೈಲು ಹಿಡಿದು ನಿಂತೆ, ಕಿರಿಯ ಮಗ ಜೋಳದ ನಡುವೆ ಓಡಿದ. ಒಂದೆರಡು ದಂಟು ಮುರಿದವು. ಒಂದು ತೆನೆಯನ್ನು ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ. ಚಿತ್ರ ಚೆನ್ನಾಗಿ ಬಂತು. ಅಷ್ಟರಲ್ಲಿ ಆಚೆ ಕೊಯ್ಲು ನಡೆಸಿದ್ದ ವೃದ್ಧರೊಬ್ಬರು ಕುಡುಗೋಲು ಹಿಡಿದುಕೊಂಡೇ ಬಂದರು. ಗದರಲಿಲ್ಲ.

"ತಮ್ಮಾ, ಫೋಟೋ ಎಷ್ಟರ ತಕ್ಕೋ, ದಂಟು ತುಳೀಬ್ಯಾಡ" ಎಂದು ಹುಡುಗನಿಗೆ ಹೇಳಿ, ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಕಡೆ ಹೊಲಾ ಇಲ್ಲೇನ್ರೀ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು. ನಾನು ತಡವರಿಸುತ್ತಿದ್ದಾಗ, ಕಾರಿನಿಂದ ನಿಧಾನವಾಗಿ ಇಳಿದು ಬಂದಿದ್ದ ಉಮ್ಮ, "ಇತ್ತು" ಎಂದರು. ಆಮೇಲೆ ಹುಡುಗನ ಕೈಯಲ್ಲಿದ್ದ ತೆನೆಯನ್ನು ತೆಗೆದು ಆ ಹಿರಿಯರ ಕೈಗೆ ಕೊಟ್ಟರು. ಅವರು ಅದನ್ನು ಒಮ್ಮೆ ನೋಡಿ, "ಇಟ್ಕೋರಿ ಅವ್ವಾರ" ಎಂದು ಉಮ್ಮನಿಗೇ ಹಿಂದಿರುಗಿಸಿದರು. ಉಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡೇ ಊರಿಗೆ ಬಂದರು.

ಹಾದುಹೋಗುವವನಿಗೆ ಇನ್ನೊಬ್ಬನ ಹೊಲದ ಮೇಲೆ ಏನು ಹಕ್ಕಿದೆ? ಈ ಪ್ರಶ್ನೆ ಹೊಸದಲ್ಲ. ದಾರಿಹೋಕನು ತೋಟದ ಹಣ್ಣನ್ನು ತಿನ್ನಬಹುದು, ಆದರೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಬಾರದು ಎಂಬ ಅರ್ಥದ ಹದೀಸ್ ಒಂದಿದೆ. ಇದರ ಸುತ್ತ ನಮ್ಮ ಫಿಕ್‌ಹ್ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಪಾಗಾರವಿಲ್ಲದ, ಕಾವಲಿಲ್ಲದ ತೋಟವಾದರೆ ತಿನ್ನಬಹುದು ಎಂದವರಿದ್ದಾರೆ. ಹಸಿದವನಿಗೆ ಮಾತ್ರ, ಅಥವಾ ಒಡೆಯನ ಒಪ್ಪಿಗೆಯಿದ್ದರೆ ಮಾತ್ರ ಎಂದವರು ಹೆಚ್ಚು. ಹಣ್ಣನ್ನು ಕಾಡಿದ ಈ ಸಂಶಯ ನೋಟವನ್ನು ಕಾಡಲಿಲ್ಲ. ನೋಡಿದರೆ ಬೆಳೆ ಸವೆಯುವುದಿಲ್ಲವಲ್ಲ!

ನಾನೂ ಹಾಗೆಯೇ ಅಂದುಕೊಂಡಿದ್ದೆ. ಚೆಲುವು ಅಲ್ಲಾಹನದು, ಅದಕ್ಕೆ ಬಾಡಿಗೆ ಕೊಡಬೇಕಾದವರು ಯಾರು? ಕುರ್‌ಆನ್ ಕೂಡ ಬೆಳೆಯತ್ತ, ಫಲ ಬಿಡುವ, ಅದು ಮಾಗುವ ಬಗೆಯತ್ತ ನೋಡಿರೆಂದು ಕರೆಯುತ್ತದೆ. ಆ ಕರೆ ಇರುವುದು ಅನ್‌ಆಮ್ ಅಧ್ಯಾಯದಲ್ಲಿ. ಊರಿಗೆ ಮರಳಿದ ಮೇಲೆ ಅದೇ ಅಧ್ಯಾಯವನ್ನು ಮುಂದೆ ಓದುತ್ತಾ ಹೋದಾಗ, ಕೊಯ್ಲಿನ ದಿನ ಬೆಳೆಯ ಹಕ್ಕನ್ನು ಸಲ್ಲಿಸಬೇಕೆಂಬ ಆದೇಶ ಎದುರಾಯಿತು. ನೋಡಲು ಕರೆದ ಅಧ್ಯಾಯವೇ ಕೊಡಬೇಕಾದ್ದನ್ನೂ ನೆನಪಿಸುತ್ತದೆ. ಎಷ್ಟು ಸಲ ಓದಿದ್ದೇನೋ, ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಆ ಹಕ್ಕಿನ ಲೆಕ್ಕವೂ ಯೋಚಿಸಬೇಕಾದದ್ದು. ಮಳೆಯಿಂದ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು ಪಾಲು ಉಶ್ರ್. ನೀರೆತ್ತಿ ಬೆಳೆದದ್ದಾದರೆ ಇಪ್ಪತ್ತರಲ್ಲಿ ಒಂದು. ಎರಡೂ ಹೊಲಗಳ ಹಸಿರು ನೋಡುವವನಿಗೆ ಒಂದೇ. ಕಾನೂನು ಮಾತ್ರ ಹಸಿರಿನ ಹಿಂದಿನ ಬೆವರನ್ನು ಅಳೆದು ಅರ್ಧ ಬಿಟ್ಟುಕೊಟ್ಟಿದೆ.

ನಾವು ಕಾರಿನ ಕಿಟಕಿಯಲ್ಲಿ ನೋಡಿದ್ದು ಹಸಿರನ್ನು ಮಾತ್ರ. ಅದೇ ನವಲಗುಂದ, ನರಗುಂದಗಳಲ್ಲಿ ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಹೇರಿದ್ದಕ್ಕೆ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ಬಲಿಯಾದರು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಆ ನಂತರ. 2015ರಲ್ಲಿ ಮಹದಾಯಿ ನೀರಿಗಾಗಿ ಮತ್ತೆ ಬೀದಿಗಿಳಿದವರೂ ಆ ಭಾಗದವರೇ. ನನ್ನ ಮೊಬೈಲಿನ ಚಿತ್ರದಲ್ಲಿ ಇದಾವುದೂ ಇಲ್ಲ. ಅಲ್ಲಿರುವುದು ನಗುವ ಹುಡುಗ, ಅವನ ಕೈಯಲ್ಲೊಂದು ತೆನೆ.

ಈಗ ಉಮ್ಮನ "ಇತ್ತು" ಎಂಬ ಮಾತಿಗೆ ಬರುತ್ತೇನೆ. ಪಣಂಬೂರಿನಲ್ಲಿ ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಮರುವರ್ಷ ಗೊಬ್ಬರದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1996ರಲ್ಲಿ ತೈಲ ಶುದ್ಧೀಕರಣ ಘಟಕ, ಆಮೇಲೆ ವಿಶೇಷ ಆರ್ಥಿಕ ವಲಯ. ಬಂದರಿಗಾಗಿ ಎದ್ದುಹೋದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಅಲ್ಲಿನವರ ವಿಳಾಸದಲ್ಲಿ ಇಂದಿಗೂ ಎರಡನೇ ಬ್ಲಾಕ್, ಏಳನೇ ಬ್ಲಾಕ್ ಎಂಬ ಅಂಕೆಗಳಿವೆ. ಉಮ್ಮನಿಗೆ ಮಾತ್ರ ತಾನು ಬಿಟ್ಟುಬಂದ ಗದ್ದೆಗಳ ಹೆಸರು ಇನ್ನೂ ಬಾಯಿಪಾಠ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳ ಲೆಕ್ಕದಲ್ಲಿ ಬಾಲ್ಯದ ವರ್ಷಗಳನ್ನು ಎಣಿಸುತ್ತಾರೆ. ನೇಜಿ ನೆಟ್ಟ ಕೈ ಅದು.

ಕೈಗಾರಿಕೆ ಬರಲೇಬಾರದಿತ್ತು ಎಂದು ನಾನು ಹೇಳಲಾರೆ. ಹೇಳಿದರೆ ಅದು ಕಪಟವಾಗುತ್ತದೆ. ನಮ್ಮ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ನವಲಗುಂದದವರೆಗೆ ನಮ್ಮನ್ನು ಒಯ್ದ ಇಂಧನ ನಮ್ಮೂರಿನ ಗದ್ದೆಗಳ ಮೇಲೆ ಎದ್ದ ಘಟಕದಿಂದಲೇ ಬಂದಿರಬಹುದು. ಮನೆಯ ಪಕ್ಕದ ಗದ್ದೆಗಳನ್ನು ಕೊಟ್ಟು ಪಡೆದ ಇಂಧನವನ್ನು ಸುಟ್ಟು, ಮಕ್ಕಳಿಗೆ ಹೊಲ ತೋರಿಸಲು ಮುನ್ನೂರೈವತ್ತು ಕಿಲೋಮೀಟರ್ ಆಚೆಗೆ ಹೋಗಿದ್ದೆವು ಎಂಬುದು ಮರಳುವ ದಾರಿಯಲ್ಲಿ ಹೊಳೆಯಿತು.

ಇನ್ನೂ ಒಂದು ಮಾತಿದೆ. ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ನಾನು ಮನೆ ಕಟ್ಟಿದ ಜಾಗವೂ ಗದ್ದೆಯೇ ಆಗಿತ್ತು. ಮಣ್ಣು ತುಂಬಿಸಿ, ಮಟ್ಟ ಮಾಡಿ, ಸೈಟೆಂದು ಮಾರಿದರು; ಕೊಂಡೆ. ಮನೆಯ ಒಕ್ಕಲಿನ ದಿನ ಉಮ್ಮ, "ಇದು ಯಾರ ಗದ್ದೆಯಾಗಿತ್ತು ಮೋನೇ?" ಎಂದು ಕೇಳಿದ್ದರು. ಕಾಗದಪತ್ರ ಎಲ್ಲ ಸರಿಯಿದೆ ಎಂದಿದ್ದೆ. ಅವರು ಕೇಳಿದ್ದು ಕಾಗದವನ್ನಲ್ಲ ಎಂದು ಆಗಲೂ ಗೊತ್ತಿತ್ತು.

ಹೊಲವಿಲ್ಲದವನಿಗೆ ಉಶ್ರ್ ಇಲ್ಲ. ಆದರೆ ನೋಡಿ ಸಂತೋಷಪಟ್ಟವನೂ ಏನೋ ಒಂದನ್ನು ಪಡೆದಿದ್ದಾನೆ. ಅವನ ಮೇಲೂ ಒಂದು ಸಣ್ಣ ಹಕ್ಕು ಉಳಿಯುತ್ತದೆ ಎಂದು ನನಗನ್ನಿಸುತ್ತದೆ. ದಂಟು ತುಳಿಯದಿರುವುದು ಅದರಲ್ಲಿ ಮೊದಲನೆಯದು. ಸಂತೆಯಲ್ಲಿ ರೈತನೊಡನೆ ಎರಡು ರೂಪಾಯಿಗೆ ಜಗ್ಗಾಡದಿರುವುದು ಎರಡನೆಯದು. ಹೊಲವೊಂದು ಹೋಗುವ ಹೊತ್ತಿಗೆ, ಅದು ಯಾರದು, ಅವರಿಗೆ ಸಲ್ಲಬೇಕಾದ್ದು ಸಂದಿದೆಯೇ ಎಂದು ಬಾಯಿಬಿಟ್ಟು ಕೇಳುವುದು ಮೂರನೆಯದು. ಕಷ್ಟದ್ದು ಇದೇ. ಏಕೆಂದರೆ ಆ ಹೊತ್ತಿಗೆ ನಮ್ಮಲ್ಲಿ ಬಹಳ ಮಂದಿ ಸೈಟಿನ ಬೆಲೆ ವಿಚಾರಿಸುತ್ತಿರುತ್ತೇವೆ.

ಆ ತೆನೆ ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದೆ. ಕೊಟ್ಟವರ ಒಪ್ಪಿಗೆಯಿಂದ ಬಂದದ್ದಾದ್ದರಿಂದ ಅದರ ಬಗ್ಗೆ ನನಗೆ ಅಳುಕಿಲ್ಲ. ಮನೆಯ ಕೆಳಗಿನ ಗದ್ದೆ ಯಾರದಾಗಿತ್ತು ಎಂದು ಮೊನ್ನೆ ಮಗ ಕೇಳಿದ. ನೆರೆಯ ಹಿರಿಯರೊಬ್ಬರಿಗೆ ಅದು ಗೊತ್ತಿರಬೇಕು. ಈ ಶುಕ್ರವಾರ ಜುಮಾ ಮುಗಿಸಿ ಅವನನ್ನೂ ಕರೆದುಕೊಂಡು ಹೋಗಿ ಕೇಳಬೇಕೆಂದಿದ್ದೇನೆ.