ನೋಡದೆ ತೀರ್ಪು ಮಾಡುವದು ನ್ಯಾಯವೋ?

ಸಾಕ್ಷಿಯನ್ನು ವಿಚಾರಿಸದೆ ಒಬ್ಬ ಮನುಷ್ಯನಿಗೆ ದಂಡನೆ ವಿಧಿಸುವದು ಅನ್ಯಾಯವೆಂದು ಎಲ್ಲರೂ ಒಪ್ಪುವರು. ಮಾತಿಲ್ಲದ ಜೀವಿಗಳ ವಿಷಯದಲ್ಲಿ ಈ ನ್ಯಾಯವು ಸಲ್ಲುವದೋ ಇಲ್ಲವೋ ಎಂಬದನ್ನು ಈ ಸಲ ಯೋಚಿಸೋಣ.

ಹೊಳಲಿನಲ್ಲಾಗಲಿ, ಮದ್ದೂರು ಮಳವಳ್ಳಿಗಳ ಸೀಮೆಯಲ್ಲಾಗಲಿ, ತೊಲೆಯನ್ನು ಕೊರೆಯುವ ಕರಿಯ ದುಂಬಿಯನ್ನು ಕಂಡ ಕೂಡಲೇ ಪೊರಕೆ ಎತ್ತುವವರುಂಟು. ಅದು ಮರವನ್ನು ತಿನ್ನುತ್ತದೆ, ಮೇಲೆ ಬಿದ್ದು ಚುಚ್ಚುತ್ತದೆ ಎಂಬವೇ ಅದರ ಮೇಲಿನ ಅಪವಾದಗಳು. ನಿಜವೇನಂದರೆ, ಈ ದುಂಬಿಯೂ ಜೇನಿನ ಕುಲಕ್ಕೆ ಸೇರಿದ್ದೇ. ಅದು ಮರವನ್ನು ತಿನ್ನುವದಿಲ್ಲ. ಒಣಮರದಲ್ಲಿ ಬಿಲ ತೋಡಿ ಮರಿಗಳಿಗೋಸ್ಕರ ಹೂವಿನ ಪರಾಗವನ್ನು ಕೂಡಿಸಿಡುತ್ತದೆ. ಗಂಡಿಗೆ ಮುಳ್ಳೇ ಇಲ್ಲ. ಹೆಣ್ಣು ಹಿಡಿದು ಪೀಡಿಸಿದ ಹೊರತು ಚುಚ್ಚುವದು ಅಪರೂಪ. ಗುಲಾಬಿಯ ಎಲೆಯನ್ನು ದುಂಡಗೆ ಕತ್ತರಿಸುವ ಜೇನು ಆ ತುಂಡುಗಳಿಂದ ಮರಿಗಳಿಗೆ ತೊಟ್ಟಿಲು ಮಾಡುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳುಳ್ಳ ಇನ್ನೊಂದು ಜೇನು ಬದನೆಯ ಹೂವನ್ನು ಅಪ್ಪಿಕೊಂಡು, ಮೈಯನ್ನು ನಡುಗಿಸಿ, ಪರಾಗವನ್ನು ಉದುರಿಸುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು.

ಇದನ್ನೆಲ್ಲಾ ಬಾಯಿಮಾತಿನಿಂದ ಹೇಳಿದರೆ ಸಾಲದೋ, ಚಿತ್ರವೇಕೆ ಎಂದು ಕೆಲವರು ಕೇಳಾರು. ಹಾರುವ ಜೀವಿಯು ಕಣ್ಣಿಗೆ ನಿಲ್ಲುವದಿಲ್ಲ. ಚಿತ್ರವು ಅದನ್ನು ನಿಲ್ಲಿಸುತ್ತದೆ. ಅಲ್ಲದೆ ಬರೆಯುವವನಿಗೆ ಊಹೆ ಸಾಲದು. ಆರು ಕಾಲುಗಳನ್ನೂ ನಾಲ್ಕು ರೆಕ್ಕೆಗಳನ್ನೂ ಎಣಿಸಲೇಬೇಕು. ಜೇನುಗೂಡಿನ ಒಡೆತನ ಅರಸನದು ಎಂದು ಯೂರೋಪಿನ ಪಂಡಿತರು ಬಹುಕಾಲ ಎಣಿಸಿದ್ದರು. ಹಾಲೆಂಡ್ ದೇಶದ ಯಾನ್ ಸ್ವಾಮರ್ಡಾಮ್ ಎಂಬವನು ಆ ಅರಸನ ಒಡಲನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಒಳಗಿದ್ದ ಅಂಡಾಶಯವನ್ನು ಕಂಡಂತೆಯೇ ಚಿತ್ರಿಸಿದನು. ಅವನು 1680ರಲ್ಲಿ ತೀರಿಹೋದನು. ಆ ಚಿತ್ರಗಳು 1737–38ರಲ್ಲಿ “ನಿಸರ್ಗದ ಬೈಬಲ್” ಎಂಬ ಅರ್ಥವುಳ್ಳ ಹೆಸರಿನ ಗ್ರಂಥದಲ್ಲಿ ಅಚ್ಚಾದವು. ಅರಸನೆನಿಸಿಕೊಂಡದ್ದು ತಾಯಿಯೆಂದು ನೋಡಿದವರೆಲ್ಲರೂ ತಿಳುಕೊಂಡರು.

ಆದರೆ ಚಿತ್ರವು ಮುಖಸ್ತುತಿ ಮಾಡಬಾರದು. ಹೆಜ್ಜೇನು ಕೆರಳಿದರೆ ಮನುಷ್ಯರೂ ದನಕರುಗಳೂ ಸತ್ತದ್ದುಂಟು. ಮಗುವಿಗಾಗಿ ಹೆದರುವ ತಾಯಿಯನ್ನು ಯಾರೂ ಜರೆಯಬಾರದು. ಆದಕಾರಣ ಹೆಜ್ಜೇನನ್ನು ಬರೆಯುವವನು ಮುಳ್ಳನ್ನೂ ಬರೆಯಲಿ. ಅದಕ್ಕೆ ಹಿಂದಕ್ಕೆ ಬಾಗಿದ ಹಲ್ಲುಗಳಿರುವದರಿಂದ ನಮ್ಮನ್ನು ಚುಚ್ಚಿದ ಜೇನು ತಾನೇ ಸಾಯುವದೆಂಬದನ್ನೂ ತೋರಿಸಲಿ. ಪ್ರಾಣವನ್ನು ಕೊಟ್ಟು ಗೂಡನ್ನು ಕಾಯುವ ಜೀವಿಗೆ ದುಷ್ಟನೆಂಬ ಹೆಸರು ಒಪ್ಪದು. ಹೆಜ್ಜೇನು ಕಾಲಕ್ಕೆ ತಕ್ಕಂತೆ ವಲಸೆ ಹೋಗುವದು. ದೂರವಿದ್ದು ಕಾದರೆ ಎಷ್ಟೋ ಸಲ ಪಂಜು ಬೇಕಾಗುವದಿಲ್ಲ. ಭಯವು ನಮಗೆ ಜಾಗ್ರತೆಯನ್ನು ಕಲಿಸಲಿ, ದ್ವೇಷವನ್ನಲ್ಲ.

ಉಪಯೋಗವುಂಟೆಂಬದಕ್ಕೇ ಜೇನನ್ನು ಉಳಿಸಬೇಕೋ? ಆ ನೀಲಿಪಟ್ಟೆಯ ಜೇನಿನ ಗಂಡುಗಳು ರಾತ್ರಿಯಲ್ಲಿ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿಕೊಂಡು, ಸಾಲಾಗಿ ತೂಗಾಡುತ್ತಾ ನಿದ್ರಿಸುತ್ತವೆ. ಅವುಗಳ ನಿದ್ರೆಯಿಂದ ನಮ್ಮ ಹೊಲಕ್ಕೆ ಲಾಭವಿಲ್ಲ. ಆದರೂ ಅದನ್ನು ಒಮ್ಮೆ ನೋಡಿ ಬರೆದ ಹುಡುಗನು ಆ ಕಡ್ಡಿಯನ್ನು ಮುರಿಯಲು ಹಿಂಜರಿಯುವನು. ಲಾಭದ ಲೆಕ್ಕವು ಬೆಲೆಯೊಂದಿಗೆ ಬದಲಾಗುವದು. ಚೆನ್ನಾಗಿ ನೋಡಿದ ಕಣ್ಣಿನ ಕನಿಕರವು ಹಾಗೆ ಬದಲಾಗದು.

ಆದದರಿಂದ ಉಪಾಧ್ಯಾಯರೂ ತಾಯಿತಂದೆಗಳೂ ಮಕ್ಕಳ ಕೈಗೆ ಬಳಪವನ್ನು ಕೊಟ್ಟು, ಬೆಳಗಿನ ಹೊತ್ತಿನಲ್ಲಿ ಹಿತ್ತಲಿನ ಬದನೆ ಹೂವಿನಿಂದ ಸ್ವಲ್ಪ ದೂರದಲ್ಲಿ ಕೂಡ್ರಿಸಲಿ. ಮೊದಲು ನೋಡಲಿ, ಬಳಿಕ ಬರೆಯಲಿ. ತೀರ್ಪನ್ನು ಆಮೇಲೆ ಹೇಳಿದರಾಯಿತು.